ತೆರ್ಯೊ ಮಾವನ ಅವಸರದ ಅಭಿನಂದನೆ

ಸಂತೋಷವಾದರೆ ಬೇರೆ ಜನ ನಗುತ್ತಾರೆ, ಇಲ್ಲವೇ ಅಳುತ್ತಾರೆ. ನಮ್ಮ ಇಲೊಯಿಲೊ ಎಂಬ ದ್ವೀಪದೂರಿನ ಕಡೆಯವರಿಗೆ ಇವೆರಡೂ ಸಾಲುವುದಿಲ್ಲ, ಫ್ಲೆಕ್ಸ್ ಹಾಕಿಸಬೇಕು. ಹುಡುಗಿ ನರ್ಸಿಂಗ್ ಬೋರ್ಡ್ ಪರೀಕ್ಷೆ ಪಾಸಾದಳೋ, ಹುಡುಗ ಹಡಗಿನ ಕೆಲಸಕ್ಕೆ ಸೇರಿದನೋ, ಮಂಚದಗಲದ ಫ್ಲೆಕ್ಸ್ ಮನೆ ಮುಂದೆ ಏರಿತೆಂದೇ ಲೆಕ್ಕ. ಪಾಸಾದವರ ಮುಖ ಒಂದು ಮೂಲೆಯಲ್ಲಿರುತ್ತದೆ. ಅಭಿನಂದಿಸುವ ಊರ ಮುಖಂಡರ ಮುಖ ಉಳಿದ ಜಾಗದಲ್ಲೆಲ್ಲ ಹರಡಿಕೊಂಡಿರುತ್ತದೆ. ಓದಿದವರು ಯಾರು, ಹಲ್ಲು ಕಿರಿಯುತ್ತಿರುವವರು ಯಾರು ಎಂದು ಯಾರೂ ಕೇಳುವುದಿಲ್ಲ. ವಿನ್ನಿಪೆಗ್‌ಗೆ ಕಡಲು ದಾಟಿ ಬಂದು ನೆಲೆಸಿದ ಮೇಲೆ ನಮಗೆ ಚಳಿ ಅಭ್ಯಾಸವಾಯಿತು, ಸೊಳ್ಳೆ ಅಭ್ಯಾಸವಾಯಿತು, ಆದರೆ ಫ್ಲೆಕ್ಸ್ ಇಲ್ಲದ ಸಂತೋಷ ಮಾತ್ರ ಅಭ್ಯಾಸವಾಗಲಿಲ್ಲ.

ನನ್ನ ಪಕ್ಕದ ಮನೆಯ ಎಲ್ಯುತೆರಿಯೊನಿಗಂತೂ ಅದು ರಕ್ತದಲ್ಲೇ ಇತ್ತು. ಅವನನ್ನು ಎಲ್ಲರೂ ತೆರ್ಯೊ ಎನ್ನುತ್ತಿದ್ದರು. ಬ್ರೆಡ್ ಕಾರ್ಖಾನೆಯಲ್ಲಿ ಬ್ರೆಡ್ಡನ್ನು ಚೀಲಕ್ಕೆ ತುಂಬುವ ಕೆಲಸ, ದುಂಡು ಹೊಟ್ಟೆ, ಚಿನ್ನದಂಥ ಮನಸ್ಸು. ಅವನ ಮಗನ ಜ್ಞಾನಸ್ನಾನದಲ್ಲಿ ನಾನು ಧರ್ಮಪಿತನಾಗಿ ನಿಂತವನು, ಹಾಗಾಗಿ ನಾವಿಬ್ಬರೂ ಒಬ್ಬರನ್ನೊಬ್ಬರು 'ಪಾರೆ' ಎಂದೇ ಕರೆದುಕೊಳ್ಳುವುದು. ತೆರ್ಯೊನಲ್ಲಿ ದೋಷವೆಂದರೆ ಒಂದೇ. ಅವನು ಯಾವ ಮಾತನ್ನೂ ಅರ್ಧಕ್ಕಿಂತ ಹೆಚ್ಚು ಕೇಳಿಸಿಕೊಂಡವನಲ್ಲ, ಯಾವ ಮಾತನ್ನೂ ಪೂರ್ತಿಗಿಂತ ಕಡಿಮೆ ಹೇಳಿದವನೂ ಅಲ್ಲ.

ಅವನ ತಂಗಿಯ ಮಗಳು ಜೆರಲಿನ್ ಇಲ್ಲಿಗೆ ನರ್ಸಿಂಗ್ ಓದಲು ಬಂದು ಮಾವನ ಮನೆಯ ನೆಲಮಾಳಿಗೆಯಲ್ಲಿದ್ದಳು. ಹಗಲು ಓದು, ವಾರದ ಕೊನೆಗೆ ವೃದ್ಧಾಶ್ರಮದಲ್ಲಿ ಕೆಲಸ. ಮಾತು ಕಡಿಮೆ, ನಡಿಗೆ ಜೋರು. ಓದು ಮುಗಿದ ವಾರ ಅವಳು ಊಟದ ಮೇಜಿನ ಮುಂದೆ ಕೂತು ಮುಂದಿನ ದಾರಿ ಹೇಗೆಂದು ಮಾವನಿಗೂ ಅತ್ತೆ ಪುರಿಂಗ್‌ಗೂ ನನಗೂ ವಿವರಿಸಿದಳು. ನಮಗೆ ಬಾಯಿಮಾತು ತಲೆಗೆ ಹತ್ತುವುದಿಲ್ಲವೆಂದು ಪಾತ್ರೆಗಳನ್ನೇ ಸಾಲಾಗಿ ಇಟ್ಟಳು. ಅನ್ನದ ಬಟ್ಟಲು ಅವಳ ಪದವಿ, ಅದು ಕೈಗೆ ಬಂದಿತ್ತು. ಸೋಯಾ ರಸದ ಶೀಶೆ ಓದು ಮುಗಿಸಿದವರಿಗೆ ಸಿಗುವ ಕೆಲಸದ ಪರವಾನಗಿ. ಓದಿನ ವೀಸಾ ಮುಗಿಯುವ ಮೊದಲೇ ಅರ್ಜಿ ಹಾಕಿದ್ದರಿಂದ ಅದು ಬರುವವರೆಗೂ ದುಡಿಯಲು ಅಡ್ಡಿಯಿರಲಿಲ್ಲ. ವಿನಿಗರ್ ಬಟ್ಟಲು ನರ್ಸಿಂಗ್ ಮಂಡಳಿಯ ನೋಂದಣಿ. ಪರೀಕ್ಷೆ ಪಾಸಾಗಿ ಅದು ಸಿಗುವವರೆಗೂ ಅವಳು ದುಡಿಯಬಹುದು, ಆದರೆ ನರ್ಸ್ ಎಂದು ಹೇಳಿಕೊಳ್ಳುವಂತಿಲ್ಲ. ಆಮೇಲೆ ಕೋಳಿ ಅಡೋಬೊ. ಅದು ಉತ್ತರದ ಒಂದು ಪುಟ್ಟ ಊರಿನ ಆಸ್ಪತ್ರೆ ಕೊಡುತ್ತೇನೆಂದ ಕೆಲಸ, ತಿಂಗಳ ಕೊನೆಯವರೆಗೆ ಅವಳಿಗಾಗಿ ಕಾಯುತ್ತಿತ್ತು. ಕೊನೆಗೆ ಕ್ಯಾರಮೆಲ್ ಸುರಿದ ಸಿಹಿ ಫ್ಲಾನ್, ಅಂದರೆ ಈ ದೇಶದಲ್ಲಿ ಕಾಯಂ ಉಳಿಯುವ ಹಕ್ಕು.

"ಒಂದನ್ನ ಬಿಟ್ಟು ಇನ್ನೊಂದಕ್ಕೆ ಹಾರೋಕಾಗಲ್ಲ ಮಾವ" ಎಂದಳು ಜೆರಲಿನ್. "ವಿನಿಗರ್ ತಪ್ಪಿದ್ರೆ ಕೋಳಿ ಹೋಯ್ತು. ಕೋಳಿ ಹೋದ್ರೆ ಫ್ಲಾನ್ ಮರೆತುಬಿಡಿ. ನಾನು ಗಂಟುಮೂಟೆ ಕಟ್ಟಬೇಕಾಗುತ್ತೆ."

ತೆರ್ಯೊ ಬಹಳ ಗಂಭೀರವಾಗಿ ತಲೆಯಾಡಿಸಿದ. ಅಷ್ಟರಲ್ಲಿ ಅವನು ಕೋಳಿಯನ್ನು ಮುಗಿಸಿದ್ದ.

ಅವನ ತಲೆ ಕೆಟ್ಟದ್ದು ಕಾಲೇಜಿನ ಸಮಾರಂಭದಲ್ಲಿ. ಅಲ್ಲಿ ಓದು ಮುಗಿಸಿದವರೆಲ್ಲ ಮೇಣದಬತ್ತಿ ಹಿಡಿದು, ಅಂಗಿಯ ಎದೆಗೆ ಕಾಲೇಜಿನ ಪಿನ್ನು ಚುಚ್ಚಿಸಿಕೊಂಡು, ಒಂದೇ ದನಿಯಲ್ಲಿ ಪ್ರಮಾಣ ಮಾಡಿದರು. ಇಲ್ಲಿ ಅದು ಬರೀ ಕಾಲೇಜಿನ ಪದ್ಧತಿ. ನಮ್ಮೂರಲ್ಲಾದರೋ ಬೋರ್ಡ್ ಪರೀಕ್ಷೆ ಪಾಸಾದ ಮೇಲೆ ದೊಡ್ಡ ಸಭಾಂಗಣದಲ್ಲಿ ಕೈಯೆತ್ತಿ ಪ್ರಮಾಣವಚನ ತೆಗೆದುಕೊಂಡರೆ ಮುಗಿಯಿತು, ಅವತ್ತಿನಿಂದ ನರ್ಸ್. ತೆರ್ಯೊ ಮೇಣದಬತ್ತಿ ಕಂಡ, ಎತ್ತಿದ ಕೈ ಕಂಡ, ಪುರಿಂಗಳ ಕರವಸ್ತ್ರ ಕಿತ್ತುಕೊಂಡು ಅತ್ತ. ವ್ಯಾನಿನಲ್ಲಿ ಮನೆಗೆ ಬರುವಾಗ ನನ್ನ ಕಿವಿಯಲ್ಲಿ, ಪ್ರಮಾಣವಚನವೇ ಆಯಿತು, ಇನ್ನೇನು ಉಳಿಯಿತು, ಎಂದ.

ಪರೀಕ್ಷೆಯೊಂದು ಉಳಿದಿದೆಯಲ್ಲ ಎಂದು ನಾನು ನೆನಪಿಸಿದೆ. ಮುಂದಿನ ವಾರ ಜೆರಲಿನ್ ಪರೀಕ್ಷೆಯನ್ನೂ ಬರೆದು ಬಂದಳು. ಆದರೆ ಅದು ಪರೀಕ್ಷೆಯೆಂದು ತೆರ್ಯೊನನ್ನು ಒಪ್ಪಿಸಲು ದೇವರಿಂದಲೂ ಆಗಲಿಲ್ಲ. ನಮ್ಮೂರಲ್ಲಿ ಬೋರ್ಡ್ ಪರೀಕ್ಷೆಯೆಂದರೆ ಪಾದ್ರಿಗಳು ಪೆನ್ಸಿಲ್‌ಗಳ ಮೇಲೆ ತೀರ್ಥ ಚಿಮುಕಿಸಬೇಕು, ಅಜ್ಜಿಯಂದಿರು ಉಪವಾಸ ಕೂರಬೇಕು, ಬೀದಿಯ ನಾಯಿಗಳೂ ಸದ್ದು ಮಾಡಬಾರದು. ಈ ಹುಡುಗಿ ಪೆನ್ಸಿಲ್ಲೇ ಇಲ್ಲದೆ ಹೋಗಿ, ಅದ್ಯಾವುದೋ ಕಂಪ್ಯೂಟರ್ ಮುಂದೆ ಕೂತು, ಮಧ್ಯಾಹ್ನದ ಊಟಕ್ಕೆ ವಾಪಸು ಬಂದಿದ್ದಳು. ಹೀಗೆ ಊಟಕ್ಕೆ ಮನೆಗೆ ಬಂದುಬಿಡುವ ಬೋರ್ಡ್ ಪರೀಕ್ಷೆಯನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಹುಡುಗಿಯನ್ನೇ ಒಂದು ಮಾತು ಕೇಳು ಎಂದರೆ, ಕಣ್ಣಾರೆ ಕಂಡದ್ದನ್ನು ಕೇಳಿ ತಿಳಿಯಬೇಕೇ ಎಂದು ನನ್ನನ್ನೇ ಗದರಿದ.

ಫಲಿತಾಂಶ ಬರುವಷ್ಟರಲ್ಲಿ ಆಸ್ಪತ್ರೆ ನೋಡಿಕೊಂಡು, ಬಾಡಿಗೆ ಕೋಣೆಯೊಂದನ್ನು ಗೊತ್ತುಮಾಡಿಕೊಂಡು ಬರುತ್ತೇನೆಂದು ಜೆರಲಿನ್ ಉತ್ತರಕ್ಕೆ ಬಸ್ಸು ಹತ್ತಿದಳು. ಅವಳ ಬಸ್ಸು ಊರು ದಾಟುವ ಮೊದಲೇ ತೆರ್ಯೊ ಫ್ಲೆಕ್ಸ್ ಅಂಗಡಿಯಲ್ಲಿದ್ದ.

ಅಂಗಡಿಯವನು ಅವನಿಗೆ ದೂರದ ನೆಂಟ, ಧಾರಾಳಿ. ಮೇಲೆ ಕೆಂಪಕ್ಷರದಲ್ಲಿ 'ಅಭಿನಂದನೆಗಳು', ಕೆಳಗೆ 'ನೋಂದಾಯಿತ ನರ್ಸ್' ಎಂದು ಹಾಕಿದ. ಜೆರಲಿನಳ ಫೋಟೊ ಅಂಚೆಚೀಟಿಯಷ್ಟು ಚಿಕ್ಕದಿದ್ದುದರಿಂದ ಹಿಗ್ಗಿಸಿದರೆ ಮಸುಕಾಗುತ್ತದೆಂದು ಮೂಲೆಗೆ ಸೇರಿಸಿದ. ತೆರ್ಯೊನ ಫೋಟೊ ಮಾತ್ರ ಮಗನ ಮದುವೆಯಲ್ಲಿ ನಮ್ಮೂರ ಬಿಳಿಯ ಬರೋಂಗ್ ಅಂಗಿಯಲ್ಲಿ ತೆಗೆಸಿದ್ದು, ಎಷ್ಟು ಹಿಗ್ಗಿಸಿದರೂ ಹಿಗ್ಗಿತು. ಆದರೂ ಕೆಳಗಡೆ ಒಂದಿಷ್ಟು ಜಾಗ ಉಳಿಯಿತು. ದುಡ್ಡು ಕೊಟ್ಟ ಜಾಗ ಖಾಲಿ ಬಿಡುವುದುಂಟೇ? ಅಭಿನಂದಿಸುವವರಿಗೆ ಅನುಕೂಲವಾಗಲೆಂದು ತೆರ್ಯೊ ತನ್ನ ಫೋನ್ ನಂಬರು ಬರೆಸಿದ. ಜೆರಲಿನಳ ಹೆಸರು ಹಾಕಿಸುವುದು ಮಾತ್ರ ಇಬ್ಬರಿಗೂ ಹೊಳೆಯಲಿಲ್ಲ.

ಅದನ್ನು ಮನೆ ಮುಂದೆ ಕಟ್ಟುವಾಗ ಏಣಿ ಹಿಡಿದವನು ನಾನು. ಮೇಲಿದ್ದವನಿಗೆ ಫ್ಲೆಕ್ಸ್ ಪೂರ್ತಿ ಕಾಣುತ್ತಿರಲಿಲ್ಲ, ಕೆಳಗಿದ್ದ ನನಗೆ ಕಾಣುತ್ತಿತ್ತು. ಕಂಡದ್ದನ್ನು ಹೇಳುತ್ತೇನೆ. ನರ್ಸ್ ಎಂಬ ಅಕ್ಷರಗಳ ಮೇಲೆ ಬಿಳಿ ಅಂಗಿ ತೊಟ್ಟ ತೆರ್ಯೊ ನಗುತ್ತಿದ್ದ, ಕೆಳಗೆ ಅವನ ನಂಬರಿತ್ತು. ಜೆರಲಿನ್ ಇದ್ದ ಮೂಲೆಗೆ ಸರಿಯಾಗಿ ಮಾಡಿನ ನೀರಿನ ಕೊಳವೆ ಅಡ್ಡ ಬಂದಿತ್ತು.

ಮೊದಲು ಬಂದವಳು ಎದುರುಮನೆಯ ಓಲ್ಗಾ ಅಜ್ಜಿ. ಅವಳು ಉಕ್ರೇನಿನ ಕಡೆಯವಳು, ಗಂಡ ಸತ್ತ ಮೇಲೆ ಇಡೀ ಬೀದಿಯನ್ನು ಒಬ್ಬಳೇ ನಡೆಸುತ್ತಿದ್ದಳು. ಅಂತೂ ಬ್ರೆಡ್ಡು ಬಿಟ್ಟು ಮರ್ಯಾದೆಯ ಕೆಲಸ ಹಿಡಿದೆಯಲ್ಲ ಎಂದು ತೆರ್ಯೊನ ಕೆನ್ನೆ ತಟ್ಟಿ, ಜಗಲಿಯ ಕುರ್ಚಿಯಲ್ಲಿ ಕೂತು, ಕಾಲುಚೀಲ ಕೆಳಗಿಳಿಸಿ ಮಂಡಿ ಮುಂದಿಟ್ಟಳು. ತೆರ್ಯೊ ಅದನ್ನು ಅಭಿನಂದನೆಯ ಒಂದು ಬಗೆಯೆಂದುಕೊಂಡ. ದೇಶ ದೇಶಕ್ಕೆ ಪದ್ಧತಿ ಬೇರೆಯಲ್ಲವೇ? ಮಂಡಿಯನ್ನು ಗೌರವದಿಂದ ನೋಡಿ, ಸ್ವಲ್ಪ ದಿನ ಮೆಟ್ಟಿಲು ಹತ್ತಬೇಡಿ ಅಜ್ಜಿ, ಎಂದು ಒಳ್ಳೆಯ ಮಾತು ಹೇಳಿದ. ಅಜ್ಜಿ ಸಂಜೆಗೆ ಒಂದು ಬುಟ್ಟಿ ಕಡುಬು ಕಳಿಸಿದಳು, ಜೊತೆಗೆ ತನ್ನಿಬ್ಬರು ಗೆಳತಿಯರನ್ನೂ ಕಳಿಸಿದಳು.

ಮರುದಿನದ ಹೊತ್ತಿಗೆ ಜಗಲಿಯಲ್ಲಿ ಕೂರಲು ಜಾಗವಿರಲಿಲ್ಲ. ಇಗರ್ಜಿಯ ಮಿಲಾಗ್ರಿಂಗ್ ಅಕ್ಕ ತನ್ನ ರಕ್ತದೊತ್ತಡದ ಯಂತ್ರ ತಂದು, ತಾನೇ ಎಲ್ಲರ ತೋಳಿಗೂ ಸುತ್ತಿ, ಅಂಕಿಗಳನ್ನು ಕೂಗಿ ಹೇಳತೊಡಗಿದಳು. ಅಂಕಿ ಹೆಚ್ಚು ಬಂದವರಿಗೆ ಚಪ್ಪಾಳೆ. ಪುರಿಂಗ್ ಬಂದವರಿಗೆಲ್ಲ ಶಾವಿಗೆ ಪನ್ಸಿತ್ ಬಡಿಸಿ ಬಡಿಸಿ ಸುಸ್ತಾಗಿ ತನ್ನ ತೋಳನ್ನೂ ಒಮ್ಮೆ ಒಡ್ಡಿದಳು. ಕೆಮ್ಮಿನವರು ಬಂದರು, ಸೊಂಟದವರು ಬಂದರು, ಫೋನಿನಲ್ಲಿ ಒಬ್ಬಳು ಹೆರಿಗೆ ದಿನ ಕೇಳಿದಳು. ಇಷ್ಟೊಂದು ಜನ ತನ್ನ ಸೋದರಸೊಸೆಯ ಮೇಲೆ ಪ್ರೀತಿಯಿಟ್ಟಿರುವುದನ್ನು ಕಂಡು ತೆರ್ಯೊನ ಕಣ್ಣು ತುಂಬಿತು. ಮಿಲಾಗ್ರಿಂಗ್ ಅಕ್ಕ ಫ್ಲೆಕ್ಸಿನ ಫೋಟೊ ತೆಗೆದು ನಮ್ಮ ಊರವರ ಸಂಘದ ಜಾಲಪುಟಕ್ಕೆ ಹಾಕಿದಳು. ಅದು ಇಲೊಯಿಲೊ ತಲುಪಿ, ಅಲ್ಲಿ ಜೆರಲಿನಳ ತಾಯಿ ಔತಣಕ್ಕೆ ಹಂದಿ ಕೊಯ್ಯಿಸಿದಳು.

ಮೂರನೆಯ ದಿನ ಬೆಳಿಗ್ಗೆ ನಗರಸಭೆಯ ಹರ್ಜೋತ್ ಎಂಬ ತರುಣ ಅಧಿಕಾರಿ ಬಂದ. ಅಚ್ಚುಕಟ್ಟಾದ ಪೇಟ, ಅಚ್ಚುಕಟ್ಟಾದ ಮಾತು. ಮನೆಯಲ್ಲಿ ಸಮಾರಂಭವಿದ್ದರೆ ಫ್ಲೆಕ್ಸ್ ಇರಲಿ, ವ್ಯಾಪಾರದ ಫಲಕವಾದರೆ ಅನುಮತಿ ಬೇಕು, ಇದು ಯಾವುದು ಎಂದು ಕೇಳಿದ. ತೆರ್ಯೊ ಎದೆಯುಬ್ಬಿಸಿ, ಇದು ಬರೀ ಸಮಾರಂಭ ಸ್ವಾಮಿ, ಎಂದ. ಸರಿಯಾಗಿ ಆಗಲೇ ಓಲ್ಗಾ ಅಜ್ಜಿ ಮತ್ತೆ ಕಾಲುಚೀಲ ಇಳಿಸಬೇಕೇ? ಹಿಂದಿನಿಂದ ಮಿಲಾಗ್ರಿಂಗ್ ಅಕ್ಕ ಯಾರದೋ ಅಂಕಿ ಕೂಗಿದಳು. ಹರ್ಜೋತ್ ಮಂಡಿಯನ್ನು ನೋಡಿದ, ಫ್ಲೆಕ್ಸನ್ನು ನೋಡಿದ, ಬಿಳಿ ಅಂಗಿಯನ್ನು ನೋಡಿದ.

"ನೋಡಿ ಅಂಕಲ್, ಫಲಕದ ವಿಷಯ ನನ್ನದು, ಅದು ಬಿಡಿ" ಎಂದ. "ಆದ್ರೆ ನರ್ಸ್ ಅನ್ನೋ ಪದ ಸುಮ್ಮನೆ ಯಾರೂ ಹಾಕ್ಕೊಳ್ಳೋ ಹಾಗಿಲ್ಲ. ಮಂಡಳಿಯ ನೋಂದಣಿ ಇದೆ ತಾನೆ?"

ತೆರ್ಯೊಗೆ ವಿನಿಗರ್ ಬಟ್ಟಲು ನೆನಪಾಯಿತು. ತಾನು ಕೋಳಿ ತಿನ್ನುವಾಗ ಯಾರೋ ಏನೋ ಹೇಳುತ್ತಿದ್ದ ಹಾಗಿತ್ತು. ಬೆವರಿದ. ಸೊಸೆ ಬಂದ ಮೇಲೆ ಹೇಳುತ್ತೇನೆ ಎಂದು ತೊದಲಿದ. ಮಂಡಳಿಯವರಿಗೆ ತಿಳಿಸುವುದು ತನ್ನ ಕರ್ತವ್ಯವೆಂದು ಹೇಳಿ, ಪುರಿಂಗ್ ಬಡಿಸಿದ್ದನ್ನು ಎರಡು ಸಲ ಹಾಕಿಸಿಕೊಂಡು ತಿಂದು ಹರ್ಜೋತ್ ಹೊರಟುಹೋದ.

ಅಲ್ಲಿಗೆ ಫ್ಲೆಕ್ಸ್ ಕೆಳಗಿಳಿಸಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಏರಿಸಿದ ಫ್ಲೆಕ್ಸ್ ಇಳಿಸುವುದು ನಮ್ಮವರಲ್ಲಿ ಸಾವಿಗಿಂತ ಕೆಟ್ಟ ಅಪಶಕುನ. ತೆರ್ಯೊ ಅಟ್ಟದಿಂದ ಮಗನ ಹಳೆಯ 'ಹುಟ್ಟುಹಬ್ಬದ ಶುಭಾಶಯಗಳು' ಪಟ್ಟಿಯನ್ನು ತಂದು ನರ್ಸ್ ಎಂಬ ಸಾಲಿನ ಮೇಲೆ ಅಂಟಿಸಿದ. ಮಧ್ಯಾಹ್ನದೊಳಗೆ ಬೀದಿಯವರು ಕೇಕು ತಂದರು. ನಮ್ಮ ನರ್ಸಿನ ಹುಟ್ಟುಹಬ್ಬವೆಂದು ಓಲ್ಗಾ ಅಜ್ಜಿ ಒಂದು ಬಾಟಲಿ ತಂದಳು. ಯಾರೋ ಹಾಡಿನ ಯಂತ್ರವನ್ನು ಜಗಲಿಗೆ ಎಳೆದರು. ಜೆರಲಿನ್ ಬಸ್ಸಿಳಿದು, ಪೆಟ್ಟಿಗೆ ಎಳೆದುಕೊಂಡು ಬೀದಿಯ ತಿರುವಿಗೆ ಬಂದಾಗ ಅವಳ ಮಾವ ಕಾಗದದ ಕಿರೀಟ ಹಾಕಿಕೊಂಡು, ಬೆದರಿದ ಮುಖದಲ್ಲಿ, ಪ್ರೇಮಗೀತೆ ಹಾಡುತ್ತಿದ್ದ. ಅಂಟಿಸಿದ ಪಟ್ಟಿಯ ಒಂದು ತುದಿ ಗಾಳಿಗೆ ಬಿಟ್ಟುಕೊಂಡು ಅಡಿಯ ಅಕ್ಷರಗಳು ಇಣುಕುತ್ತಿದ್ದವು.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನಾವೆಲ್ಲ ಬದುಕಿಕೊಳ್ಳುತ್ತಿದ್ದೆವು. ಅಡುಗೆಮನೆಯಲ್ಲಿ ಕೂತು, ನಡೆದದ್ದನ್ನೆಲ್ಲ ಪುರಿಂಗಳ ಬಾಯಿಂದ ಕೇಳಿ, ನೀರು ಕುಡಿದು, ಲೋಟ ತೊಳೆದಿಟ್ಟಳು.

"ಮಾವ, ಫಲಿತಾಂಶ ಇನ್ನೂ ಬಂದಿಲ್ಲ" ಎಂದಳು. "ನಾಲ್ಕು ವರ್ಷ ವೃದ್ಧಾಶ್ರಮದಲ್ಲಿ ಯಾರು ನರ್ಸ್ ಅಂತ ಕರೆದ್ರೂ 'ಅಲ್ಲ, ನಾನು ವಿದ್ಯಾರ್ಥಿನಿ' ಅಂತ ತಿದ್ದಿದೀನಿ. ಪ್ರತಿಸಲ. ಈಗ ಅವ್ರು ನನ್ನ ನಡತೆ ಬಗ್ಗೆ ವಿಚಾರಣೆ ಅಂತ ನೋಂದಣಿ ನಿಲ್ಲಿಸಿದ್ರೆ ಆಸ್ಪತ್ರೆಯವ್ರು ಯಾಕೆ ಕಾಯ್ತಾರೆ?"

ತೆರ್ಯೊ ಕಿರೀಟ ತೆಗೆದು ಮೇಜಿನ ಮೇಲಿಟ್ಟ. ತಾನು ಹೋಗಿ ಕಾಲು ಹಿಡಿಯುತ್ತೇನೆ ಎಂದ. ಕಾಲು ಹಿಡಿಯುವ ಪದ್ಧತಿ ಇಲ್ಲಿಲ್ಲ ಎಂದು ಹೇಳಿ ಜೆರಲಿನ್ ತಾನೇ ಮಂಡಳಿಗೆ ಫೋನ್ ಮಾಡಿದಳು. ತನ್ನ ಹೆಸರು ಹೇಳಿ, ಮಾವನ ಮನೆಯ ಮುಂದೆ ಹೀಗೆ ಹೀಗೆ ಬರೆದಿತ್ತು, ನನಗೆ ಗೊತ್ತಿರಲಿಲ್ಲ, ಗೊತ್ತಾದ ತಕ್ಷಣ ಇಳಿಸುತ್ತಿದ್ದೇನೆ, ಎಂದು ಒಂದೂ ಬಿಡದೆ ಒಪ್ಪಿಸಿದಳು. ನಾಳೆ ಬೆಳಿಗ್ಗೆ ಮಾವನ ಜೊತೆ ಬನ್ನಿ ಎಂದರಂತೆ. ಅವತ್ತು ತೆರ್ಯೊ ತಟ್ಟೆಯಲ್ಲಿ ಅನ್ನ ಬಿಟ್ಟೆದ್ದ. ಮದುವೆಯಾದಂದಿನಿಂದ ಇಂಥದ್ದನ್ನು ಕಾಣದ ಪುರಿಂಗ್ ಪಾದ್ರಿಗಳಿಗೆ ಫೋನ್ ಮಾಡಿ, ಬಂದುಹೋಗಿ ಎಂದಳು.

ಮಾವನ ಜೊತೆ ಬನ್ನಿ ಎಂದದ್ದಕ್ಕೆ ನಾವು ಮೂರು ವ್ಯಾನಿನಲ್ಲಿ ಹೋದೆವು. ಒಬ್ಬರನ್ನು ಕರೆದರೆ ಒಬ್ಬರೇ ಹೋಗುವುದು ನಮ್ಮಲ್ಲಿ ಅನಾಥರ ಲಕ್ಷಣ. ಓಲ್ಗಾ ಅಜ್ಜಿ ಸಾಕ್ಷಿಯೆಂದು ಹತ್ತಿದಳು. ಮಿಲಾಗ್ರಿಂಗ್ ಅಕ್ಕ ಯಂತ್ರವನ್ನು ಮನೆಯಲ್ಲಿಡಲು ಒಪ್ಪಲಿಲ್ಲ. ಪುರಿಂಗ್ ಎರಡು ತಟ್ಟೆ ಲುಂಪಿಯಾ ಸುರುಳಿಗಳನ್ನು ಎಣ್ಣೆಯಲ್ಲಿ ಕರಿದು ತಂದಳು. ತೆರ್ಯೊಗೆ ಇದ್ದದ್ದು ಒಂದೇ ಒಳ್ಳೆಯ ಅಂಗಿ, ಅದೇ ಬಿಳಿಯ ಬರೋಂಗ್. ಅದನ್ನೇ ತೊಟ್ಟು ಬಂದ.

ಮಂಡಳಿಯ ಥೋರ್ವಾಲ್ಡ್‌ಸನ್ ಎಂಬ ಹೆಂಗಸು ಎತ್ತರದವಳು, ತಣ್ಣನೆಯವಳು. ಅವಳ ಕೋಣೆಯಲ್ಲಿ ಮೂರು ಕುರ್ಚಿಗಳಿದ್ದವು, ನಾವು ಗೋಡೆಗಳುದ್ದಕ್ಕೂ ನಿಂತೆವು. ಅವಳು ಕಂಪ್ಯೂಟರ್ ಪರದೆಯನ್ನು ನಮ್ಮ ಕಡೆ ತಿರುಗಿಸಿದಳು. ಮಿಲಾಗ್ರಿಂಗ್ ಅಕ್ಕ ಹಾಕಿದ್ದ ಫೋಟೊ. ಅದನ್ನು ನೋಡಿದಳು, ಎದುರಿಗಿದ್ದ ಬಿಳಿ ಅಂಗಿಯನ್ನು ನೋಡಿದಳು.

"ಇದು ನೀವೇ ತಾನೆ?"

"ಹೌದು ಮೇಡಂ."

"ನಂಬರೂ ನಿಮ್ಮದೇ?"

"ನನ್ನದೇ ಮೇಡಂ. ತಪ್ಪೆಲ್ಲ ನನ್ನದೇ. ಮೇಣದಬತ್ತಿ ಹಿಡಿದು ಪ್ರಮಾಣ ಮಾಡಿದ್ಲು, ಅಲ್ಲಿಗೆ ಮುಗೀತು ಅಂದ್ಕೊಂಡೆ. ನಮ್ಮೂರಲ್ಲಿ ಹಾಗೇ. ಈ ಹುಡುಗಿಗೆ ಏನೂ ಗೊತ್ತಿಲ್ಲ. ಕಳಿಸೋದಾದ್ರೆ ನನ್ನನ್ನ ವಾಪಸ್ ಕಳಿಸಿ, ಇವಳು ಇರಲಿ."

ಇಷ್ಟು ಹೇಳಿ ತೆರ್ಯೊ ಗಳಗಳನೆ ಅತ್ತ. ಅವನು ಈ ದೇಶದ ಪೌರನಾಗಿ ಎಷ್ಟೋ ಕಾಲವಾಗಿತ್ತು, ಅವನನ್ನು ಎಲ್ಲಿಗೂ ಕಳಿಸುವಂತಿರಲಿಲ್ಲ. ಆದರೂ ಜೆರಲಿನ್ ಮಾವನ ಕೈ ಹಿಡಿದುಕೊಂಡಳು.

ಥೋರ್ವಾಲ್ಡ್‌ಸನ್ ಪರದೆಯ ಹತ್ತಿರ ಬಾಗಿ, ಇದರಲ್ಲಿ ಜೆರಲಿನ್ ಎಲ್ಲಿದ್ದಾರೆ ಎಂದು ಕೇಳಿದಳು. ನಾವೆಲ್ಲ ಗೋಡೆ ಬಿಟ್ಟು ಬಂದು ಹುಡುಕಿದೆವು. ಕೊನೆಗೆ ಪುರಿಂಗ್ ನೀರಿನ ಕೊಳವೆಯ ಪಕ್ಕ ಒಂದು ಕಿವಿಯನ್ನು ತೋರಿಸಿ, ಇದು ನಮ್ಮ ಹುಡುಗಿಯದೇ ಎಂದಳು.

"ಇವರ ಹೆಸರು ನಮಗೆ ಬಂದಿದ್ದು ಇವರೇ ಫೋನ್ ಮಾಡಿದಾಗ" ಎಂದಳು ಥೋರ್ವಾಲ್ಡ್‌ಸನ್. "ನಮಗೆ ಬಂದಿರೋ ದೂರು ಬಿಳಿ ಅಂಗಿ ಹಾಕ್ಕೊಂಡು ಜಗಲೀಲಿ ಮಂಡಿ ನೋಡೋ ಒಬ್ಬ ಗಂಡಸಿನ ಮೇಲೆ. ಸ್ವಾಮಿ, ನೀವು ನರ್ಸಾ?"

"ಅಲ್ಲ ಮೇಡಂ. ಬ್ರೆಡ್ ತುಂಬ್ತೀನಿ."

"ಇನ್ಮುಂದೆ?"

"ಇನ್ಮುಂದೂ ಬ್ರೆಡ್ಡೇ ತುಂಬ್ತೀನಿ."

ಅವಳು ಅವನಿಗೊಂದು ಎಚ್ಚರಿಕೆ ಕೊಟ್ಟು, ಜೆರಲಿನಳ ಕಡತಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದಳು. ಆಗ ಓಲ್ಗಾ ಅಜ್ಜಿ ಮುಂದೆ ಬಂದು, ಏನೇ ಅನ್ನಿ, ನನ್ನ ಮಂಡಿ ವಾಸಿಯಾಗಿದೆ, ಎಂದು ಸಾಕ್ಷಿ ನುಡಿದಳು. ದಯವಿಟ್ಟು ಆ ಮಾತು ಈ ಕೋಣೆಯಲ್ಲಿ ಆಡಬೇಡಿ ಎಂದು ಥೋರ್ವಾಲ್ಡ್‌ಸನ್ ಕಣ್ಣು ಮುಚ್ಚಿಕೊಂಡಳು. ಲುಂಪಿಯಾವನ್ನು ಮಾತ್ರ ನಿಯಮದ ಪ್ರಕಾರ ಮುಟ್ಟುವಂತಿಲ್ಲವೆಂದು ಬಹಳ ಸಂಕಟದಿಂದ ಹೇಳಿದಳು.

ಎರಡು ದಿನ ಬಿಟ್ಟು ಫಲಿತಾಂಶ ಬಂತು. ಜೆರಲಿನ್ ನೆಲಮಾಳಿಗೆಯಿಂದ ಮೆಟ್ಟಿಲು ಹತ್ತುತ್ತಿದ್ದ ಸದ್ದು ನಮ್ಮ ಮನೆಗೂ ಕೇಳಿಸಿತು. ಪಾಸು. ಪುರಿಂಗ್ ಸೌಟು ಹಿಡಿದೇ ಬೀದಿಗೆ ಓಡಿದಳು. ತೆರ್ಯೊ ನನ್ನನ್ನು ಎತ್ತಿ ಕುಣಿಸಲು ಹೋಗಿ ಇಬ್ಬರೂ ಹುಲ್ಲಿನ ಮೇಲೆ ಬಿದ್ದೆವು. ನೋಂದಣಿ ಬಂತು, ಅದರ ಹಿಂದೆಯೇ ಕೆಲಸದ ಪರವಾನಗಿಯೂ ಬಂತು. ಇಲೊಯಿಲೊದಲ್ಲಿ ತಾಯಿ ಇನ್ನೊಂದು ಹಂದಿ ಕೊಯ್ಯಿಸಿದಳು. ಮೊದಲನೆಯದು ಲೆಕ್ಕಕ್ಕಿಲ್ಲವೆಂದು ಊರಿನವರು ತೀರ್ಮಾನಿಸಿದ್ದರಂತೆ.

ಜೆರಲಿನ್ ಕೆಲಸಕ್ಕೆ ಹೊರಟ ದಿನ ಬಸ್ ನಿಲ್ದಾಣಕ್ಕೂ ನಾವು ಮೂರು ವ್ಯಾನಿನಲ್ಲೇ ಹೋದೆವು. ಪೆಟ್ಟಿಗೆಗಳನ್ನು ಬಸ್ಸಿನ ಹೊಟ್ಟೆಗೆ ತುಂಬುತ್ತಿದ್ದಾಗ ಒಬ್ಬ ಮುದುಕನ ಕೈ ಬಾಗಿಲಿಗೆ ಸಿಕ್ಕಿತು. ಕಿರುಚಿ ಕುಸಿದ, ರಕ್ತ ಸುರಿಯಿತು. ಡ್ರೈವರ್ ಗಾಬರಿಯಾಗಿ ಎದ್ದು, ಇಲ್ಲಿ ಯಾರಾದರೂ ನರ್ಸ್ ಇದ್ದೀರಾ ಎಂದು ಕೂಗಿದ.

ಓಲ್ಗಾ ಅಜ್ಜಿ ತೆರ್ಯೊನ ಮುಖ ನೋಡಿದಳು. ಮಿಲಾಗ್ರಿಂಗ್ ಅಕ್ಕ ನೋಡಿದಳು. ನಾನೂ ನೋಡಿದೆ. ಅವನ ಬಾಯಿ ತೆರೆಯಿತು. ಆ ಬಾಯಿಯನ್ನು ನಾನು ಬಲ್ಲೆ, ಒಮ್ಮೆ ತೆರೆದರೆ ಮುಚ್ಚಿದ್ದನ್ನು ಕಂಡವನಲ್ಲ. ಅವತ್ತು ಮುಚ್ಚಿತು. ಅವನು ಎರಡೂ ಕೈಗಳನ್ನು ಜೇಬಿಗೆ ತುರುಕಿಕೊಂಡು ಸೊಸೆಯ ಕಡೆ ತಿರುಗಿದ.

ಜೆರಲಿನ್ ಒಂದು ಗಳಿಗೆ ಹಾಗೇ ನಿಂತಳು. ಅಭ್ಯಾಸಬಲದಿಂದ 'ಅಲ್ಲ' ಎಂಬ ಪದ ನಾಲಿಗೆಗೆ ಬಂದಿರಬೇಕು. ಆಮೇಲೆ ಕೈಚೀಲವನ್ನು ನನ್ನ ಪಾದದ ಮೇಲೆ ಬಿಟ್ಟು, ಜನರ ನಡುವೆ ದಾರಿ ಮಾಡಿಕೊಂಡು ಹೋದಳು.

"ಸ್ವಲ್ಪ ಜಾಗ ಬಿಡಿ" ಎಂದಳು. "ನಾನು ನರ್ಸ್."

ಮುದುಕನ ಪಕ್ಕದಲ್ಲಿ ಮಂಡಿಯೂರಿ ಅವನ ಕೈಯನ್ನು ಮೇಲೆತ್ತಿ ಹಿಡಿದು, ಒತ್ತಿ, ಮೆಲ್ಲಗೆ ಏನೋ ಕೇಳುತ್ತ ಹೋದಳು. ಅವನ ನರಳಾಟ ಕಡಿಮೆಯಾಯಿತು. ತೆರ್ಯೊ ಅಲುಗಾಡಲಿಲ್ಲ, ಕೂಗಲಿಲ್ಲ, ಒಂದು ಫೋಟೊ ಕೂಡ ತೆಗೆಯಲಿಲ್ಲ. ಕೆನ್ನೆ ಮೇಲೆ ನೀರಿಳಿಯುತ್ತಿತ್ತು. ಕೊನೆಗೆ ತಡೆಯಲಾರದೆ, ಪಕ್ಕದಲ್ಲಿದ್ದ ಯಾರೋ ಅಪರಿಚಿತನ ತೋಳು ಹಿಡಿದೆಳೆದು, ಅವನ ಕಿವಿಯಲ್ಲಿ, ನನಗೂ ಕೇಳಿಸದಷ್ಟು ಮೆಲ್ಲಗೆ, ಒಂದು ಮಾತು ಹೇಳಿದ. ಏನಂದ ಎಂದು ಆಮೇಲೆ ಆ ಮನುಷ್ಯನನ್ನೇ ಕೇಳಿದೆ.

"'ನಮ್ಮ ಹುಡುಗಿ' ಅಂದ್ರು, ಅಷ್ಟೇ" ಎಂದ ಅವನು.